ಚಿಕ್ಕಮ್ಮನ ಮನೆಯ ಗಿಳಿಹಸಿರು

ಜೀವನ್ ಬಿಮಾ ನಗರ, ಬೆಂಗಳೂರು
ಭಾನುವಾರ

ಅಕ್ಕ,

ನಾನು ಕ್ಷೇಮವಾಗಿ ಬಂದು ತಲುಪಿದೆ. ಇಂದಿರಾನಗರದವರೆಗೆ ಮೆಟ್ರೋ, ಅಲ್ಲಿಂದ ಆಟೋ. ಸಾಗರದ ನಮ್ಮ ಮನೆಗೆ ಬಣ್ಣ ಹೊಡೆಸುವ ಮುಂಚೆ ಚಿಕ್ಕಮ್ಮನ ಮನೆಯ ಹಸಿರು ಹೇಗಿದೆ ನೋಡಿ ಬರೆ ಎಂದಿದ್ದೆಯಲ್ಲ, ಅದನ್ನೇ ಬರೆಯುತ್ತಿದ್ದೇನೆ.

ಈ ಬಡಾವಣೆಗೆ ಹೆಸರು ಬಂದದ್ದು ಜೀವ ವಿಮಾ ನಿಗಮದಿಂದ. ಚಿಕ್ಕಮ್ಮನದು ಮೊದಲ ಮಹಡಿ. ಕಿಟಕಿಯಾಚೆ ಒಂದು ಹೊಂಗೆಮರ, ಬೆಳಕೆಲ್ಲ ಅದರ ಎಲೆಗಳ ಸಂದಿಯಿಂದಲೇ ಒಳಗೆ ಬರಬೇಕು. ವಾಟ್ಸಾಪ್‌ನಲ್ಲಿ ನೀನು ನೋಡಿ ಮೆಚ್ಚಿದ ಆ ಗಿಳಿಹಸಿರು ಇಲ್ಲಿ ದಿನವಿಡೀ ಒಂದೇ ತರಹ ಇರುವುದಿಲ್ಲ. ಬೆಳಿಗ್ಗೆ ಚಿಗುರಿನಂತಿರುತ್ತದೆ, ಮಧ್ಯಾಹ್ನ ಗಾಢವಾಗುತ್ತದೆ, ರಾತ್ರಿ ಬಿಳಿ ಎಲ್‌ಇಡಿ ಹಾಕಿದರೆ ನೀಲಿಗೆ ವಾಲುತ್ತದೆ. ಹಳದಿ ಬೆಳಕಿನ ಬಲ್ಬು ಹಾಕಿದ ಮೇಲೇ ಸಂಜೆಯ ಹಾಲ್ ಬೆಚ್ಚಗೆ ಕಾಣುತ್ತಿದೆ ಎನ್ನುತ್ತಾರೆ ಚಿಕ್ಕಮ್ಮ. ನನಗೂ ಹಾಗೇ ಅನ್ನಿಸಿತು.

ಅವರು ನಾಲ್ಕೂ ಗೋಡೆಗೆ ಹೊಡೆಸಿಲ್ಲ. ಕಿಟಕಿ ಇರುವ ಒಂದು ಗೋಡೆಗೆ ಮಾತ್ರ ಹಸಿರು, ಉಳಿದದ್ದಕ್ಕೆಲ್ಲ ಸುಣ್ಣದ ಬಿಳುಪು. ಬಹಳ ಯೋಚಿಸಿ ಮಾಡಿದ ಕೆಲಸ ಇದು. ಕಿಟಕಿಯ ಎದುರು ಗೋಡೆಗೆ ಹೊಡೆಸಿದ್ದರೆ ಬಿಸಿಲು ಅಲ್ಲಿ ಬಿದ್ದು, ಕೋಣೆಗೆಲ್ಲ ಹಸಿರು ಚೆಲ್ಲಿ, ಕೂತವರ ಮುಖ ಕಳೆಗುಂದಿ ಕಾಣುತ್ತಿತ್ತು. ಕಿಟಕಿಯ ಗೋಡೆಗೆ ನೇರ ಬೆಳಕು ಬೀಳದು, ಹಾಗಾಗಿ ಎಂಥ ಗಾಢ ಬಣ್ಣವೂ ಅಲ್ಲಿ ತಣ್ಣಗಿರುತ್ತದೆ. ಹೊರಗಿನ ಹೊಂಗೆಯೂ ಗೋಡೆಯೂ ಸೇರಿ ಒಂದೇ ಆದಂತಿದೆ, ನೋಡಲು ತುಂಬ ಚೆನ್ನ.

ಈ ಹಸಿರಿನ ಹುಚ್ಚು ಊರೂರಿಗೆ ಹಬ್ಬಿ ಕೆಲವು ವರ್ಷಗಳಾದವು. ಅಮೆರಿಕದ ಪ್ಯಾಂಟೋನ್ ಸಂಸ್ಥೆ ‘ವರ್ಷದ ಬಣ್ಣ’ ಎಂದು 2013ರಲ್ಲಿ ಪಚ್ಚೆಯನ್ನೂ 2017ರಲ್ಲಿ ಹಳದಿ ಬೆರೆತ ಎಳೆಹಸಿರನ್ನೂ ಆರಿಸಿತ್ತು. ಆದರೆ ಬೆಂಗಳೂರಿನ ದಂಡು ಪ್ರದೇಶದವರಿಗೆ ಹಸಿರು ಹೊಸದಲ್ಲ. ನಿನ್ನೆ ಚಿಕ್ಕಮ್ಮ ಫ್ರೇಜರ್ ಟೌನ್, ಕಾಕ್ಸ್ ಟೌನ್ ಸುತ್ತಿಸಿದರು. 1898ರ ಪ್ಲೇಗಿನ ನಂತರ ಜನ ಇಕ್ಕಟ್ಟು ಬಿಟ್ಟು ಬಂದು ನೆಲೆಸಿದ ಬಡಾವಣೆಗಳು ಅವು. ಅಳಿದುಳಿದ ಹಳೆಯ ಬಂಗಲೆಗಳ ಕಿಟಕಿಯ ಮೇಲೆ ಚೂಪು ಪಟ್ಟಿಗಳ ಮರದ ಕೊಡೆಯಂಥದ್ದು ಇರುತ್ತದೆ, ‘ಮಂಕಿ ಟಾಪ್’ ಅನ್ನುತ್ತಾರೆ. ಹಸಿರು ಇರುವುದು ಆ ಮರಗೆಲಸಕ್ಕೆ ಮಾತ್ರ. ಗೋಡೆ ಬಿಳಿ, ಹೆಂಚು ಕೆಂಪು. ನಮ್ಮ ಮನೆಗೆ ಹೊಂದುವುದು ಈ ದಾರಿಯೇ ಅಕ್ಕ. ನಮ್ಮದು ರೆಡ್ ಆಕ್ಸೈಡ್ ನೆಲ. ಕೆಂಪಿನ ಪಕ್ಕ ಹಸಿರು ಇದ್ದದ್ದಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ. ಗೋಡೆ ಬಿಳಿಯಾಗಿರಲಿ, ಬಾಗಿಲು, ಕಿಟಕಿ, ಜಗುಲಿಯ ಕಟಕಟೆಗೆ ಗಿಳಿಹಸಿರಿಗಿಂತ ತುಸು ಮಂಕಾದ ಹಸಿರು ಹೊಡೆಸು.

ಇನ್ನೊಂದು ಸಂಗತಿ, ಇದನ್ನು ಭಾವನಿಗೂ ಓದಿ ಹೇಳು. ಹೊಳೆಯುವ ಹಸಿರಿಗೆ ವಿಷದ ಚರಿತ್ರೆಯಿದೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ 1775ರಲ್ಲಿ ತಾಮ್ರ, ಆರ್ಸೆನಿಕ್ ಸೇರಿಸಿ ಒಂದು ಹಸಿರು ಕಂಡುಹಿಡಿದ. ಮುಂದಿನ ಶತಮಾನದಲ್ಲಿ ಯುರೋಪಿನ ಮನೆಗಳ ಗೋಡೆಕಾಗದಕ್ಕೆಲ್ಲ ಅಂಥ ಹಸಿರೇ ಬಂತು. ತೇವದ ಗೋಡೆಯಲ್ಲಿ ಬೂಷ್ಟು ಹಿಡಿದರೆ ಅದರಿಂದ ವಿಷಾನಿಲ ಏಳುತ್ತಿತ್ತು. ಅದೆಲ್ಲ ಎಂದೋ ಹೋಯಿತು, ಆದರೆ ಬಣ್ಣದ ಸೀಸಕ್ಕೆ ಕಡಿವಾಣ ಬಿದ್ದದ್ದು ಈಚೆಗೆ. ಹಳೆಯ ಎನಾಮಲ್ ಪೇಂಟುಗಳಲ್ಲಿ, ಅದರಲ್ಲೂ ಹೊಳಪಿನ ಹಳದಿ, ಹಸಿರುಗಳಲ್ಲಿ, ಸೀಸದ ಕ್ರೋಮೇಟ್ ಬೆರೆಸುವುದಿತ್ತು. ಮನೆಬಳಕೆಯ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಮ್ಮ ಬಾಗಿಲುಗಳ ಹಸಿರು ಅಪ್ಪನ ಕಾಲದ್ದು. ಬಣ್ಣದವರು ಒಣ ಉಪ್ಪುಕಾಗದದಲ್ಲಿ ಉಜ್ಜಿದರೆ ಆ ಧೂಳು ನಿನ್ನ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿಗೆ ಕೆಡುಕು.

ವಾಟರ್ ಪೇಪರಿನಲ್ಲಿ ನೀರು ಹಾಕಿಯೇ ಉಜ್ಜಲು ಹೇಳು. ಆ ರಾಡಿಯನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಲಿ, ಬಾವಿಕಟ್ಟೆಯ ಕಡೆ ಚೆಲ್ಲುವುದು ಬೇಡ. ಹೊಸ ಡಬ್ಬದ ಮೇಲೆ ಸೀಸದ ಬಗ್ಗೆ ಬರೆದಿರುವುದನ್ನು ಓದಿಯೇ ಕೊಳ್ಳಿ. ಶೇಡ್ ಕಾರ್ಡ್ ನೋಡಿ ಒಪ್ಪಿಬಿಡಬೇಡ, ಚಿಕ್ಕ ಡಬ್ಬ ತಂದು ಒಂದು ಬಾಗಿಲಿಗೆ ಮೊಳದಗಲ ಹಚ್ಚಿ, ಬೆಳಿಗ್ಗೆ ಸಂಜೆ ನೋಡಿ ಆಮೇಲೆ ತೀರ್ಮಾನ ಮಾಡು. ಬಾಗಿಲು ಉಜ್ಜಿ, ಒರೆಸಿ ಮುಗಿಯುವವರೆಗೆ ಮಗುವನ್ನು ಅಮ್ಮನ ಹತ್ತಿರ ಬಿಟ್ಟಿರು.

ಇಂತಿ ನಿನ್ನ ತಂಗಿ