ಧ್ವನಿಸುರುಳಿಯ ಪಾಠಾಂತರ

ಭೀಮಾತೀರದ ತತ್ವಪದಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಕ್ಷರರೂಪದ ಆಕರಗಳನ್ನೇ ನೆಚ್ಚುತ್ತಾರೆ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ಪದಗಳೂ ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳೂ ಇಂದು ಅಚ್ಚಿನಲ್ಲಿ ದೊರೆಯುತ್ತವೆ. ಆದರೆ ಅವು ಹುಟ್ಟಿದ್ದು ಓದಿಗಾಗಿ ಅಲ್ಲ. ಏಕತಾರಿ, ದಮ್ಮಡಿ, ಹಾರ್ಮೋನಿಯಂಗಳೊಡನೆ ಇರುಳೆಲ್ಲ ನಡೆಯುವ ಭಜನೆಗಾಗಿ. 1980ರ ದಶಕದಲ್ಲಿ ಕ್ಯಾಸೆಟ್ ರೆಕಾರ್ಡರುಗಳು ಹಳ್ಳಿಗೆ ಬಂದ ಮೇಲೆ ಇಂಥ ಹಾಡಿಕೆ ಎಷ್ಟೋ ಮನೆಗಳ ಟ್ರಂಕುಗಳನ್ನು ಸೇರಿತು. ಓಲೆಗರಿಗೆ ಸಂಪಾದನಾಶಾಸ್ತ್ರವುಂಟು, ಈ ಸುರುಳಿಗಳಿಗೆ ಇನ್ನೂ ಇಲ್ಲ.

ಆಳಂದದ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಅಂಥದೊಂದು ಸುರುಳಿಯಿದೆ. ಅಫಜಲಪುರದ ಕಡೆಯ ಹೊಳೆದಂಡೆಯ ಊರಿನಲ್ಲಿ ಅವರ ತಂದೆ 1987ರಲ್ಲಿ ಹಾಡಿದ ಭಜನೆ ಅದರಲ್ಲಿದೆ. ತಂದೆಯ ದನಿ ಬೇರೆಲ್ಲಿಯೂ ಉಳಿದಿಲ್ಲ. ಕನ್ನಡ ಎಂ.ಎ. ಓದುತ್ತಿದ್ದ ಮಗಳು ಪದಗಳನ್ನು ಧಾಟಿಸಹಿತ ಬರೆದುಕೊಳ್ಳಲು ಕುಳಿತಾಗ, ಸ್ಪೀಕರಿನಿಂದ ಹಾಡಿನ ಅಡಿಯಲ್ಲಿ ಒಂದು ವಿಚಿತ್ರ ಸದ್ದು ಕೇಳತೊಡಗಿತು. ಅದು ಸಾಮಾನ್ಯ ಗುಂಯ್‌ಕಾರವಲ್ಲ. ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುವ, ಯಾರೋ ನಿದ್ದೆಯಲ್ಲಿ ಉಸಿರಾಡುವಂಥ ಸದ್ದು.

ಮೊದಲು ಸುಲಭದ ದಾರಿ ಹಿಡಿದದ್ದಾಯಿತು. ಕಲಬುರಗಿಯ ಅಂಗಡಿಯೊಂದರಲ್ಲಿ ಸುರುಳಿಯನ್ನು ಕಂಪ್ಯೂಟರಿಗೆ ಇಳಿಸಿ 'ಸ್ವಚ್ಛ' ಮಾಡಿಸಿದರು. ಸದ್ದು ಹೋಯಿತು, ಜೊತೆಗೆ ಏಕತಾರಿಯೂ ಹೋಯಿತು. ಬದಲಾಗದೆ ಮೊರೆಯುವುದೆಲ್ಲ ತಂತ್ರಾಂಶದ ಪಾಲಿಗೆ ಕಸ. ಏಕತಾರಿಯ ಧರ್ಮವೇ ಬದಲಾಗದೆ ಮೊರೆಯುವುದು. ಅರ್ಥವಾಗದ ಶಬ್ದವನ್ನು 'ಲಿಪಿಕಾರನ ಸ್ಖಾಲಿತ್ಯ'ವೆಂದು ತಿದ್ದಿಬಿಡುವ ಅವಸರದ ಸಂಪಾದಕರು ನಮ್ಮಲ್ಲಿಯೂ ಕಡಿಮೆಯಿಲ್ಲ.

ಆಮೇಲೆ ಶಿಕ್ಷಕರು ಸಂಪಾದಕನ ಮೊದಲ ಪ್ರಶ್ನೆಯನ್ನೇ ಕೇಳಿಕೊಂಡರು: ದೋಷ ಯಾವ ಕೈಯಲ್ಲಿ ಸೇರಿತು? ಸುರುಳಿಯನ್ನು ನಿಲ್ಲಿಸಿ ಆಂಪ್ಲಿಫೈಯರನ್ನು ಹಾಗೆಯೇ ಬಿಟ್ಟರು. ಉಬ್ಬಿಳಿತ ನಿಂತಿತು, ಆದರೆ ಸಮನಾದ ಗುಂಯ್‌ಕಾರವೊಂದು ಉಳಿಯಿತು. ಅಂದರೆ ಅದು ಮನೆಯ ಯಂತ್ರದ್ದು. ಒಂದೊಂದೇ ತಂತಿಯನ್ನು ಕಿತ್ತು ನೋಡುತ್ತ ಹೋದಾಗ, ಟಿ.ವಿ.ಯಿಂದ ಆಂಪ್ಲಿಫೈಯರಿಗೆ ಎಳೆದಿದ್ದ ತಂತಿಯನ್ನು ಬಿಡಿಸಿದ ಕ್ಷಣ ಕೋಣೆ ಮೌನವಾಯಿತು. ಡಿಶ್ ಕೇಬಲ್ ಮಾಳಿಗೆಯ ಮೇಲೆ ಒಂದು ಕಡೆ, ಆಂಪ್ಲಿಫೈಯರು ಗೋಡೆಯ ಪ್ಲಗ್ಗಿನ ಮೂಲಕ ಇನ್ನೊಂದು ಕಡೆ, ಹೀಗೆ ಎರಡು ಹಾದಿಯಲ್ಲಿ ನೆಲ ಮುಟ್ಟಿದ್ದವು. ಎರಡರ ನಡುವಿನ ಅಲ್ಪ ವೋಲ್ಟೇಜಿನ ವ್ಯತ್ಯಾಸವೇ ಆಡಿಯೋ ತಂತಿಯೊಳಗೆ ಹರಿದು ವಿದ್ಯುತ್ತಿನ 50 ಹರ್ಟ್ಸ್ ಕಂಪನವನ್ನು ಕೇಳಿಸುತ್ತಿತ್ತು. ಬೇಸಿಗೆಯಲ್ಲಿ ಈ ಸದ್ದು ಏಕೆ ಜೋರು ಎಂಬುದಕ್ಕೂ ಕಾರಣ ಹೊಳೆಯಿತು. ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಉಪ್ಪು-ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಕೆಲಸ ಮಾಡುವುದಿಲ್ಲ; ಅದಕ್ಕೆ ನೀರು ಹೊಯ್ಯುತ್ತಿರಬೇಕು.

ಸುರುಳಿಯನ್ನು ಮತ್ತೆ ಹಾಕಿದಾಗ ಇನ್ನೊಂದು ಗುಂಯ್‌ಕಾರ ಒಂಟಿಯಾಗಿ, ಉಬ್ಬಿಳಿತವಿಲ್ಲದೆ ಕೇಳಿತು. ಅದು ಮೂಲಪ್ರತಿಯದೇ. 1987ರ ಆ ರಾತ್ರಿ ರೆಕಾರ್ಡರಿಗೆ ಕರೆಂಟು ಕೊಟ್ಟ ಗುರುತು. ಮಗಳು ಕಂಪ್ಯೂಟರಿನಲ್ಲಿ ಅಳೆದಾಗ ಅದು 50 ಅಲ್ಲ, 51 ಹರ್ಟ್ಸ್. ಮನೆಯ 50, ಸುರುಳಿಯ 51 ಕೂಡಿದಾಗ ಸೆಕೆಂಡಿಗೊಂದು ಉಬ್ಬಿಳಿತ ಹುಟ್ಟುತ್ತದೆ. ಆ ನಿಗೂಢ ಉಸಿರಾಟಕ್ಕೆ ಬೇರೆ ರಹಸ್ಯವೇನೂ ಇರಲಿಲ್ಲ.

ಆದರೆ 51 ಏಕೆ? ಇಲ್ಲಿ ಮನೆಯ ಹಿರಿಯ ಜೀವದ ಮಾತು ನೆನಪಿಗೆ ಬಂದಿತು. ಮೊದಲ ಸಲ ಸುರುಳಿ ಕೇಳಿಸಿದಾಗಲೇ ಶಿಕ್ಷಕರ ತಾಯಿ, "ಇದು ಅವರ ದನಿ ಅಲ್ಲಪಾ, ಅವರದು ಇಷ್ಟು ಸಣ್ಣ ಇದ್ದಿದ್ದಿಲ್ಲ" ಎಂದಿದ್ದರು. ವಯಸ್ಸಿನ ಮರೆವೆಂದು ಯಾರೂ ಅದನ್ನು ಗಣಿಸಿರಲಿಲ್ಲ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಲ್ಟು ಸಡಿಲಾದ ರೆಕಾರ್ಡರ್ ನಿಧಾನವಾಗಿ ಮುದ್ರಿಸಿಕೊಂಡಿದ್ದರೆ, ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್ಲವೂ ಏರಿ ಕೇಳುತ್ತದೆ: ಕರೆಂಟಿನ ಗುಂಯ್‌ಕಾರವೂ, ಮನುಷ್ಯನ ದನಿಯೂ.

ಹಾಗಾದರೆ 51 ಅನ್ನು 50ಕ್ಕೆ ಇಳಿಸಿದರೆ ಸಾಕಲ್ಲವೇ? ಸಾಲದು. ಆ ಕಾಲದ ವಿದ್ಯುಜ್ಜಾಲದ ಕಂಪನವೇ ಸ್ಥಿರವಾಗಿರಲಿಲ್ಲ. ಬೇಡಿಕೆ ಏರಿದಾಗ 50ಕ್ಕಿಂತ ಬಹಳ ಕೆಳಗಿಳಿಯುತ್ತಿತ್ತು. ದಕ್ಷಿಣದ ಜಾಲದಲ್ಲಿ ಇದಕ್ಕೆ ಶಿಸ್ತು ಬಂದದ್ದು 2003ರಲ್ಲಿ ಹೊಸ ದರಪದ್ಧತಿ ಜಾರಿಯಾದ ನಂತರ. ಒಂದೇ ಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸುವಂತಿಲ್ಲ. ಎರಡನೆಯ ಸಾಕ್ಷಿ ಬೇಕು. ಆ ರಾತ್ರಿ ನುಡಿಸಿದ ಹಾರ್ಮೋನಿಯಂ ಜೇವರ್ಗಿಯಲ್ಲಿ, ಹಳೆಯ ಭಜನಾ ಸಂಗಡಿಗರೊಬ್ಬರ ಮನೆಯಲ್ಲಿದೆ ಎಂದು ತಾಯಿಯೇ ಹೇಳಿದರು. ಅದರ ಸ್ವರ ಕೂಡಿಸಲು ಅಂದಿನಿಂದ ಯಾರೂ ಪೆಟ್ಟಿಗೆ ಬಿಚ್ಚಿರಲಿಲ್ಲ. ಅಪ್ಪ-ಮಗಳು ಅಲ್ಲಿಗೆ ಹೋಗಿ, ಧೂಳೊರೆಸಿ, ತಿದಿಯೊತ್ತಿ, ಸುರುಳಿಯಲ್ಲಿ ಕೇಳುವ ಷಡ್ಜದೊಡನೆ ತಾಳೆ ನೋಡಿದರು. ಸುರುಳಿ ಶೇ. 4ರಷ್ಟು ಮೇಲಿತ್ತು. ಅಷ್ಟು ಇಳಿಸಿದಾಗ ಗುಂಯ್‌ಕಾರ 49ರ ಹತ್ತಿರ ಬಂದಿತು. ಆ ರಾತ್ರಿ ಊರಿನ ಕರೆಂಟು ಬಳಲಿತ್ತೆಂಬುದೂ ಹೀಗೆ ತಿಳಿಯಿತು.

ಈಗ ಮಗಳ ಬಳಿ ಎರಡು ಪ್ರತಿಗಳಿವೆ. ಒಂದು, ಕೆಮ್ಮು, ನಾಯಿಬೊಗಳು, ಗುಂಯ್‌ಕಾರ ಸಮೇತ ಇದ್ದದ್ದು ಇದ್ದಂತೆ. ಇನ್ನೊಂದು, ವೇಗವನ್ನಷ್ಟೇ ತಿದ್ದಿದ್ದು. ಎರಡನೆಯದನ್ನು ಅಜ್ಜಿ ಒಂದು ಬದಿ ಮುಗಿಯುವವರೆಗೆ ಮಾತಿಲ್ಲದೆ ಕೇಳಿದರು. ಬಳಿಕ ಮೂರನೆಯ ಪದವನ್ನು ಮತ್ತೊಮ್ಮೆ ಹಾಕಿಸಿ, ಅದರ ನಡುವಿನ ನುಡಿ ತಮ್ಮ ಯಜಮಾನರು ಹಾಡಿದ್ದಲ್ಲ, ಜೇವರ್ಗಿಯ ಆ ಸಂಗಡಿಗರು ಎತ್ತಿಕೊಂಡದ್ದು ಎಂದರು. ತಪ್ಪು ವೇಗದಲ್ಲಿ ಎರಡು ದನಿಗಳೂ ಒಂದೇ ಎಂಬಂತೆ ಕೇಳಿದ್ದವು. ಮಗಳು ತನ್ನ ಟಿಪ್ಪಣಿಯಲ್ಲಿ ಆ ನುಡಿಯೆದುರು ತಾತನ ಹೆಸರನ್ನು ಹೊಡೆದುಹಾಕಿ, ಮುಂದಿನ ವಾರ ಮತ್ತೆ ಜೇವರ್ಗಿಯ ಬಸ್ಸು ಹತ್ತಿದಳು.