ಮಾಮಲೇದಾರರ ಕಾಳಗ

ಹೊಸಪೇಟೆಯಿಂದ ಹಂಪೆಗೆ ಹೊರಟ ಯಾತ್ರಿಕನಿಗೆ ಕಡ್ಡಿರಾಂಪುರವು ದಾರಿಯಲ್ಲಿ ಕಂಡು ಮರೆಯಾಗುವ ಒಂದು ಹಳ್ಳಿ. ಅಲ್ಲಿನ ಹಳೆಯ ಗೋರಿಗಳ ಗುಮ್ಮಟಗಳನ್ನು ಒಮ್ಮೆ ನೋಡಿ, ವಿರೂಪಾಕ್ಷನ ಗೋಪುರವೆಲ್ಲಿ ಎಂದು ಕಣ್ಣು ಹಾಯಿಸುವವನಿಗೆ, 1858ರಲ್ಲಿ ಇದೊಂದು ಗಡಿಯ ಊರಾಗಿತ್ತೆಂಬುದು ಹೊಳೆಯುವಂತಿಲ್ಲ. ತುಂಗಭದ್ರೆಯ ಈಚೆಗೆ ಮದರಾಸು ಆಧಿಪತ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆ. ಆಚೆಗೆ ನಿಜಾಮರ ಸೀಮೆ. ಆಚೆಯ ಆ ಸೀಮೆಯ ಕೊಪ್ಪಳದ ಕೋಟೆಯಲ್ಲಿ ಆ ವರ್ಷ ಒಂದು ಕಿರುಗಾಳಗ ನಡೆಯಿತು. ದಿಲ್ಲಿ, ಲಖನೌಗಳ ಸದ್ದಿನಲ್ಲಿ ಅದರ ಸದ್ದು ಅಡಗಿಹೋಗಿದೆ.

ಅದರ ನಾಯಕರಾದ ಮುಂಡರಗಿಯ ಭೀಮರಾಯರು ದಂಡಿನಲ್ಲಿ ಬೆಳೆದವರಲ್ಲ. ಅವರು ಕಂಪನಿ ಸರಕಾರದ ಕೈಕೆಳಗೆ ಬಳ್ಳಾರಿ ಸೀಮೆಯಲ್ಲಿ ಮಾಮಲೇದಾರರಾಗಿದ್ದು ಕೆಲಸ ಕಳೆದುಕೊಂಡವರು. ಕಂದಾಯದ ಲೆಕ್ಕ, ದಫ್ತರದ ಗಂಟು, ಖಜಾನೆಯ ಬೀಗ ಇವುಗಳ ನಡುವೆ ಆಯುಷ್ಯ ಸವೆಸುವ ನೌಕರನ ಬಾಳು ಎಂಥದೆಂದು ಓದುಗರಲ್ಲಿ ಅನೇಕರು ಬಲ್ಲರು. ಅಂಥವನೊಬ್ಬ ಕತ್ತಿ ಹಿಡಿಯಬೇಕಾದರೆ ಎದೆಯಲ್ಲಿ ಎಷ್ಟು ಕಾಲದ ಬೇಗೆ ಕೂಡಿರಬೇಕು! ನೌಕರಿ ಹೋದ ಕೋಪವಷ್ಟೇ ಎಂದು ಹಗುರಾಗಿ ಹೇಳಿಬಿಡಬಹುದು. ಆದರೆ ಹಾಗೆ ನೌಕರಿ ಕಳೆದುಕೊಂಡವರೆಲ್ಲ ಪ್ರಾಣವನ್ನು ಪಣವಾಗಿ ಒಡ್ಡಲಿಲ್ಲ.

1857ರ ನಿಶ್ಶಸ್ತ್ರೀಕರಣದ ಕಾಯಿದೆ ನಾಡಿನ ವೀರರ ಮನೆಗಳಿಂದ ಕತ್ತಿ ಬಂದೂಕುಗಳನ್ನು ಕಸಿಯತೊಡಗಿತ್ತು. ಆ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಅದನ್ನು ಎದುರಿಸಿ ಅಳಿದರು. ಮರುವರ್ಷದ ಮೇ ತಿಂಗಳಲ್ಲಿ ಭೀಮರಾಯರು ಹಮ್ಮಿಗೆಯ ಕೆಂಚನಗೌಡರೊಡನೆ ಎದ್ದರು. ಡಂಬಳದ ಸರಕಾರಿ ಖಜಾನೆ ಅವರ ಕೈವಶವಾಯಿತು. ಖಜಾನೆಯ ಬೆಲೆಯನ್ನು ಹಿಂದಿನ ಮಾಮಲೇದಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ಅವರು ಕೊಪ್ಪಳದ ಕೋಟೆಯನ್ನು ಹೊಕ್ಕರು.

ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದ ಆ ಕೋಟೆ 1790ರಲ್ಲಿ ಆರಂಭವಾದ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದಿತ್ತು. ಈ ಬಾರಿ ಕಲ್ಲು ಅದೇ. ಒಳಗಿದ್ದವರು ಮಾತ್ರ ಪಳಗಿದ ದಂಡಿನವರಲ್ಲ, ಹಳ್ಳಿಹಳ್ಳಿಗಳಿಂದ ಕೂಡಿದ ಜನ. ಮೇಜರ್ ಹ್ಯೂಸನ ಸೇನೆ 1858ರ ಜೂನ್ 1ರಂದು ಕೋಟೆಯನ್ನು ಹಿಡಿಯಿತು. ಭೀಮರಾಯರೂ ಕೆಂಚನಗೌಡರೂ ಹೋರಾಡುತ್ತಲೇ ಮಡಿದರು. ಸೆರೆಸಿಕ್ಕವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು.

ಅವೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರೂ ಬಂಡೆದ್ದಿದ್ದರು. ಇಂಗ್ಲಿಷರ ರಾಜಕೀಯ ಪ್ರತಿನಿಧಿ ಮ್ಯಾನ್‌ಸನ್ ಸುರೇಬಾನದಲ್ಲಿ ಹತನಾದನು. ಆದರೆ ಕೊಪ್ಪಳಕ್ಕೆ ನರಗುಂದದ ನೆರವು ಬರಲಿಲ್ಲ, ನರಗುಂದಕ್ಕೆ ಕೊಪ್ಪಳದ್ದು ಹೋಗಲಿಲ್ಲ. ಜೂನ್ ತಿಂಗಳ ಮೊದಲ ಎರಡು ದಿನಗಳಲ್ಲಿಯೇ ಎರಡೂ ಬಿದ್ದವು. ಬಾಬಾಸಾಹೇಬರನ್ನು ಹಿಡಿದು ತಂದು, ಅದೇ ತಿಂಗಳ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.