ಗಚ್ಚಿಬೌಲಿಯಲ್ಲಿ ಕುದಿದ ನೀರು

ಮೆಹದಿಪಟ್ಣದಿಂದ ಹೊರಟ ಬಸ್ಸಿನಲ್ಲಿ ಕಂಡಕ್ಟರು ‘ರಾಯದುರ್ಗಂ’ ಎಂದು ಕೂಗಿದೊಡನೆ ನಮ್ಮ ಕಿವಿ ನೆಟ್ಟಗಾಗುತ್ತದೆ. ನಮ್ಮ ಕಡೆಯ ಹೆಸರಲ್ಲವೇ! ಕಿಟಕಿಯಾಚೆ ನೋಡಿದರೆ ಗಾಜಿನ ಕಟ್ಟಡಗಳ ಸಾಲು. ಅದನ್ನು ದಾಟಿದರೆ ಗಚ್ಚಿಬೌಲಿ. ಗಚ್ಚು ನಮಗೂ ಗೊತ್ತು. ಬೌಲಿ ಎಂದರೆ ಮೆಟ್ಟಿಲುಬಾವಿ. ರಾಯಚೂರಿನಿಂದ ಬಂದು ಕಾಚಿಗುಡದಲ್ಲಿ ನೆಲೆಸಿದ ನಮ್ಮಂಥ ಗುಮಾಸ್ತರಿಗೆ ಇತ್ತ ಬರುವ ಕೆಲಸವೇ ಇಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಆರು ದಿನ ಬಂದೆವು.

ಕಾರಣ, ನಮ್ಮ ಅಕ್ಕನ ಮಗಳು. ಹತ್ತನೆಯ ತರಗತಿಗೆ ಕಾಲಿಡಲಿದ್ದ ಹುಡುಗಿಗೆ ಪ್ರಯೋಗಶಾಲೆಯ ಕೆಲಸ ಕಣ್ಣಾರೆ ಕಾಣುವ ಹಂಬಲ. ಪರಿಚಿತರ ಮುಖಾಂತರ ಹೈದರಾಬಾದ್ ವಿಶ್ವವಿದ್ಯಾನಿಲಯದ ರಸಾಯನ ವಿಭಾಗದಲ್ಲಿ ಅನುಮತಿ ದೊರೆಯಿತು. ಅವಳನ್ನು ಕರೆದೊಯ್ದು ಕರೆತರುವ ಹೊಣೆ ನಮ್ಮದು. ಗಳಿಕೆ ರಜೆ ಹೀಗಾದರೂ ಸಾರ್ಥಕವಾಯಿತು.

1974ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಈ ವಿಶ್ವವಿದ್ಯಾನಿಲಯ ಮೊದಲು ನಡೆದದ್ದು ಸರೋಜಿನಿ ನಾಯ್ಡು ಅವರ ಮನೆಯಾದ ‘ಗೋಲ್ಡನ್ ತ್ರೆಶೋಲ್ಡ್’ನಲ್ಲಿ. ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಎಡಿನ್‌ಬರೋದಲ್ಲಿ ಓದಿದ ರಸಾಯನ ಪಂಡಿತರು. ಈಗಿನ ಆವರಣವೋ ಒಂದು ಕಾಡು. ಕೆರೆಗಳು, ಜಿಂಕೆಗಳು, ನವಿಲುಗಳು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಕೂತಿವೆ. ಅಣಬೆಯಂತೆ ನಿಂತ ಬಂಡೆಯೊಂದು ಹೆಸರುವಾಸಿ. ರಾಯಚೂರಿನ ಗುಡ್ಡಗಳನ್ನು ಕಂಡವರಿಗೆ ತವರಿಗೆ ಬಂದಂತೆ. ಹುಡುಗಿ ಒಳಗೆ ಕೆಲಸ ಮಾಡುವಾಗ ನಾವು ಮರದ ನೆರಳಲ್ಲಿ ಕೂತು ಡಬ್ಬಿಯ ಬುತ್ತಿ ಕಾಯುತ್ತಿದ್ದೆವು.

ಮೊದಲೆರಡು ದಿನ ಅವಳಿಗೆ ದೊರೆತದ್ದು ಪಾತ್ರೆ ತೊಳೆಯುವ ಕೆಲಸ! ಸೋಪು ನೀರು, ನಲ್ಲಿ ನೀರು, ಬಟ್ಟಿ ಇಳಿಸಿದ ನೀರು, ಕೊನೆಗೆ ಬೇಗ ಒಣಗಲೆಂದು ಆಸಿಟೋನು. “ಮನಿಯಾಗ ಒಂದು ಲೋಟ ತೊಳದವಳಲ್ಲ” ಎಂದು ಅಕ್ಕ ನಕ್ಕಳು. ಮೂರನೆಯ ದಿನ ಅಲ್ಲಿನ ಸಂಶೋಧನ ವಿದ್ಯಾರ್ಥಿನಿ ಒಂದು ಥರ್ಮಾಮೀಟರು ಕೊಟ್ಟು, ಅದು ಸರಿಯಿದೆಯೇ ಪರೀಕ್ಷಿಸಲು ಹೇಳಿದಳು. ಕರಗುವ ಮಂಜುಗಡ್ಡೆಯಲ್ಲಿ ಇಟ್ಟಾಗ ಸೊನ್ನೆ ತೋರಿಸಿತು. ಕುದಿಯುವ ನೀರಿನಲ್ಲಿ 98ಕ್ಕೆ ನಿಂತುಬಿಟ್ಟಿತು. ಎಷ್ಟು ಕುದಿಸಿದರೂ ಮೇಲೇರದು. ಹುಡುಗಿ ಶಾಲೆಯ ರೂಢಿಯಂತೆ ಪುಸ್ತಕದಲ್ಲಿ 100 ಎಂದು ಬರೆದಳು.

“ನೂರು ನೋಡಿದೆಯಾ?” ಎಂದು ಕೇಳಿದಳಂತೆ ಆಕೆ.

“ಇಲ್ಲ ಅಕ್ಕಾ, ಆದರೆ ಉತ್ತರ ನೂರು.”

ಆಕೆ ಗದರಲಿಲ್ಲ. ಗಾಳಿಯ ಒತ್ತಡ ಎಲ್ಲೆಡೆ ಒಂದೇ ಅಲ್ಲ. ಎತ್ತರಕ್ಕೆ ಹೋದಂತೆ ಅದು ಇಳಿಯುತ್ತದೆ. ಒತ್ತಡ ಇಳಿದರೆ ನೀರು ಬೇಗನೆ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯ ಲೆಕ್ಕ. ಹೈದರಾಬಾದು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಆದ್ದರಿಂದ ಇಲ್ಲಿಗೆ 98. ಮಂಗಳೂರಿಗೆ 100, ಬೆಂಗಳೂರಿಗೆ 97. ತಪ್ಪು ಥರ್ಮಾಮೀಟರಿನದಲ್ಲ. ಬರೆದ 100ನ್ನು ಅಳಿಸದೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 98 ಬರೆದು, ತಾರೀಖು ಹಾಕಲು ಹೇಳಿದಳು.

ಮರಳುವಾಗ ಬಸ್ಸಿನಲ್ಲಿ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಮಾಮಾ, ಎರಡು ವರ್ಷದಿಂದ ನೂರಂತನೇ ಬರದೀನಿ. ಒಂದ್ಸಲನೂ ನೂರು ನೋಡಿಲ್ಲ” ಎಂದಳು.

ನಮಗೆ ಚುರುಕ್ಕೆಂದಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಡವಾಗಿ ದಾಖಲಿಸಿದ ಒಂದು ಅರ್ಜಿಯ ತಾರೀಖಿಗೆ ಬಿಳಿ ಬಣ್ಣ ಬಳಿದು ಬೇರೆ ತಾರೀಖು ಬರೆದಿದ್ದೆವು. ಹಿರಿಯ ಗುಮಾಸ್ತರೊಬ್ಬರು ಹಾಳೆಯನ್ನು ಬೆಳಕಿಗೆ ಹಿಡಿದು, “ತಪ್ಪು ಮಾಡಿದ್ದಕ್ಕೆ ಕ್ಷಮೆ ಉಂಟು, ಮುಚ್ಚಿದ್ದಕ್ಕೆ ಇಲ್ಲ” ಎಂದಿದ್ದರು. ಅವರೂ ಹೇಳಿದ್ದು ಒಂದು ಗೆರೆ ಮತ್ತು ಒಂದು ಸಹಿಯ ಮಾತನ್ನೇ. ಕಚೇರಿಯ ದಫ್ತರಕ್ಕೂ ಪ್ರಯೋಗಶಾಲೆಯ ಪುಸ್ತಕಕ್ಕೂ ಧರ್ಮ ಒಂದೇ ಎಂಬುದು ಗಚ್ಚಿಬೌಲಿಯಲ್ಲಿ ತಿಳಿಯಿತು.

ಶಾಲೆ ತೆರೆಯಿತು, ಅದೇ ಪ್ರಯೋಗ ಬಂತು. ಹಿಂದಿನ ವರ್ಷದವರ ಪುಸ್ತಕ ನೋಡಿ ನಕಲು ಮಾಡುವುದು ಅಲ್ಲಿ ಎಲ್ಲರ ಪದ್ಧತಿ. ಹುಡುಗಿ 98 ಬರೆಯುತ್ತೇನೆಂದು ಹಟ ಹಿಡಿದಳು. ಅಕ್ಕನಿಗೆ ಗಾಬರಿ. “ಎರಡು ಮಾರ್ಕು ಹೋದ್ರ ಯಾರು ಕೊಡ್ತಾರ? ಪುಸ್ತಕದಾಗ ನೂರು ಅದ, ನೂರೇ ಬರೀಲಿ. ನೀನರ ಹೇಳೋ!”

ಅಕ್ಕನ ಭಯ ಸುಳ್ಳಲ್ಲ. ಪರವೂರಿನಲ್ಲಿ ಬಾಳುವ ನಮ್ಮ ಮಕ್ಕಳಿಗೆ ಮಾರ್ಕೇ ಆಸ್ತಿ. ಆದರೂ ನೂರು ಬರೆಯೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಹುಡುಗಿ 98 ಬರೆದು, ಕೆಳಗೆ ಕಾರಣವನ್ನೂ ಬರೆದಳು. ಪುಸ್ತಕ ತಿರುಗಿ ಬಂದಾಗ 98ರ ಸುತ್ತ ಕೆಂಪು ಶಾಯಿಯ ವೃತ್ತ. ಒಂದು ಮಾರ್ಕು ಕಡಿಮೆ.

ಅಕ್ಕ ಎರಡು ದಿನ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಚಹಾಕ್ಕೆ ನೀರಿಟ್ಟು ಮಗಳನ್ನು ಕರೆದಳು: “ತಾ ನಿನ್ನ ಥರ್ಮಾಮೀಟರು. ನಾನೂ ಒಮ್ಮೆ ನೋಡ್ತೀನಿ.”